‘ಬತ್ತೆ’ ಎಂದು ಹೋದವರ ಲೆಕ್ಕ

2009ರ ನವೆಂಬರ್ 16, ಸೋಮವಾರ, ಬೆಳಿಗ್ಗೆ 6 ಗಂಟೆ 50 ನಿಮಿಷ. ಕೊಕ್ಕರ್ಣೆಯ ಕೊಯ್ಲಾದ ಗದ್ದೆಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಬಿಳಿ ವ್ಯಾನೊಂದು ಮನೆಯೊಂದರ ಅಂಗಳಕ್ಕೆ ಬಂದು, ಹಿಂದೆ ಮುಂದೆ ಮಾಡಿ ತಿರುಗಿ ನಿಲ್ಲುತ್ತದೆ. ಅದರಿಂದ ಇಳಿದ ಪ್ರಭಾವತಿ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಲಿಯಲ್ಲಿ ಕುಳಿತ ಹನ್ನೆರಡು ವರ್ಷದ ಸುಜನ್‌ನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತುತ್ತಾರೆ. ನಡೆಯಲಾರದ ಈ ಹುಡುಗನ ತೂಕ ಈಗ 27 ಕಿಲೋ. ಶಾಲೆಗೆ ಸೇರಿದಾಗ 16 ಇತ್ತು.

“ಟೀಚರೇ, ಇವತ್ತ್ ಮೂರ್ ಐವತ್ತಕ್ಕಾ?” ಸುಜನ್‌ನ ತಾಯಿ ಒಳಗಿನಿಂದ ಕೇಳುತ್ತಾರೆ.

“ಅಲ್ಲ, ಮೂರ್ ಐವತ್ತೈದ್. ರತ್ನಾಕರಂಗೆ ಡೀಸೆಲ್ ಹಾಕ್ಸುಕಿತ್ತ್ ಅಂಬ್ರ್.”

“ಹ್ವಾಯ್, ಐದ್ ನಿಮಿಷಕ್ಕೆಲ್ಲ ನನ್ ಹೆಸ್ರ್ ಎಂತಕ್ ತೆಗಿತ್ರಿ?” ಸ್ಟಿಯರಿಂಗಿನ ಹಿಂದಿನಿಂದ ಚಾಲಕ ರತ್ನಾಕರ ಕೂಗುತ್ತಾರೆ.

ಈ ಕಡೆ ಯಾರ ಮನೆಯಿಂದ ಎದ್ದರೂ ‘ಬತ್ತೆ’, ಅಂದರೆ ಬರುತ್ತೇನೆ ಎಂದು ಹೇಳಿಯೇ ಹೋಗುವುದು ರೂಢಿ. ಪ್ರಭಾವತಿ ಟೀಚರ್ ಬರಿಯ ‘ಬತ್ತೆ’ ಹೇಳುವುದಿಲ್ಲ. ಎಷ್ಟು ಗಂಟೆಗೆ ಎಂಬುದನ್ನು ಸೇರಿಸುತ್ತಾರೆ. ಬೆಳಗಿನ 31 ಕಿಲೋಮೀಟರ್ ದಾರಿಯ ಹದಿನಾಲ್ಕು ಮನೆಗಳ ತಾಯಂದಿರೂ ಈಗ ಹಾಗೆಯೇ ಮಾತಾಡುತ್ತಾರೆ. ಅವರಿಗೆಲ್ಲ ಈ ಪಾಠ ಬಂದದ್ದು ಶ್ರಾವ್ಯ ಎಂಬ ಒಂಬತ್ತು ವರ್ಷದ ಹುಡುಗಿಯಿಂದ. ಇವತ್ತು ಅವಳು ವ್ಯಾನಿನಲ್ಲಿ ಇಲ್ಲ. ಅವಳ ಅಪ್ಪ ಚಂದ್ರ ತಾನೇ ಕರೆತರುತ್ತಾರೆ, ಅವಳೆದುರೇ ಮಲ್ಪೆಯ ಬಸ್ಸು ಹತ್ತಿ ಮೀನುಗಾರಿಕೆಗೆ ಹೋಗುತ್ತಾರೆ. ಅದನ್ನು ಅವಳು ಹೇಗೆ ತೆಗೆದುಕೊಳ್ಳುತ್ತಾಳೆ ಎಂಬುದರ ಮೇಲೆ ಅವಳು ಶಾಲೆಯಲ್ಲಿ ಉಳಿಯುವುದು ನಿಂತಿದೆ.

ಕುಂಭಾಶಿಯ ಹತ್ತಿರ ಹೆದ್ದಾರಿಗೆ ತಾಗಿದಂತೆ ಇರುವ ಹಂಚಿನ ಕಟ್ಟಡವೇ ಈ ವಿಶೇಷ ಮಕ್ಕಳ ಶಾಲೆ. ಆರರಿಂದ ಹತ್ತೊಂಬತ್ತು ವರ್ಷದವರೆಗಿನ 23 ಮಕ್ಕಳು, ಮೂವರು ಶಿಕ್ಷಕಿಯರು, ಆಯಾ ಸೀತು. ಪ್ರಭಾವತಿಯವರ ಕೋಣೆಯಲ್ಲಿ ಎಂಟು ಮಕ್ಕಳು. ಸುಜನ್ ಎಡಗೈಯಿಂದ ಒಂದೊಂದೇ ಅವರೆಕಾಳು ಎತ್ತಿ ಬಾಟಲಿಗೆ ಹಾಕುತ್ತಾನೆ. ಜೂನ್‌ನಲ್ಲಿ ಹತ್ತು ನಿಮಿಷಕ್ಕೆ ನಾಲ್ಕು ಕಾಳು, ಈಗ ಇಪ್ಪತ್ತಾರು. ಹದಿನೈದರ ದಿವ್ಯಾ ಟವೆಲ್ ಮಡಚುತ್ತಾಳೆ, ಅಂಚು ಸರಿ ಬಾರದಿದ್ದರೆ ಬಿಡಿಸಿ ಮತ್ತೆ ಮಡಚುತ್ತಾಳೆ, ಯಾರಾದರೂ ಮುಟ್ಟಿದರೆ ಬೈಯುತ್ತಾಳೆ. ಎಲ್ಲ ಮಕ್ಕಳ ಮಟ್ಟವೂ ಬೇರೆ ಬೇರೆ. ಆದ್ದರಿಂದ ಎಂಟು ಪಾಠಗಳು, ಎಂಟು ನೋಟುಪುಸ್ತಕಗಳು.

ಪ್ರಭಾವತಿಯವರಿಗೆ ಈಗ ನಲವತ್ತೊಂದು. ಕೊಕ್ಕರ್ಣೆಯ ಕೃಷಿ ಕುಟುಂಬದವರು, ಓದಿದ್ದು ಪಿಯುಸಿ. 1997ರಲ್ಲಿ ದೊಡ್ಡ ಮಕ್ಕಳಿಗೆ ಹೊಲಿಗೆ ಕಲಿಸಲು ಮೂರು ತಿಂಗಳ ಮಟ್ಟಿಗೆಂದು ಇಲ್ಲಿಗೆ ಬಂದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಒಬ್ಬ ಹುಡುಗನಿದ್ದ. ಅವನ ಅಂಗಿಗೆ ದೊಡ್ಡ ಗುಂಡಿ ಹೊಲಿದರು, ಕಾಜಾ ಅಗಲ ಮಾಡಿದರು, ದಿನವೂ ಕೈ ಹಿಡಿದು ತೋರಿಸಿದರು.

“ಅರ್ವತ್ತೊಂದ್ನೇ ದಿನ ಹಾಕ್ದ. ಅರ್ವತ್ತ್ ದಿನ ಎಂತಕ್ ಹಾಕ್ಲಿಲ್ಲ, ಆ ದಿನ ಎಂತಕ್ ಹಾಕ್ದ ಅಂಬುದ್ ಇವತ್ತಿಗೂ ಗೊತ್ತಿಲ್ಲೆ ಕಾಣಿ. ಅದ್ ಗೊತ್ತಾಯ್ಕ್ ಅಂದೇಳಿ ಉಳ್ದೆ,” ಎಂದು ನಗುತ್ತಾರೆ.

ಆಮೇಲೆ ಮಂಗಳೂರಿನಲ್ಲಿ ಒಂದು ವರ್ಷದ ತರಬೇತಿ ಪಡೆದರು. ನಾಲ್ಕೂವರೆಗೆ ಏಳುವುದು, ಎರಡು ದನ, ಅತ್ತೆಯ ಔಷಧಿ, ಆರೂವರೆಗೆ ವ್ಯಾನು. ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹಿಡಿದು 2004ರಲ್ಲಿ ನಲವತ್ತು ದಿನ ಹಾಸಿಗೆಯಲ್ಲಿದ್ದರು. ಬೇರೆ ಕೆಲಸ ಹುಡುಕಬೇಕೆಂದು ಅನ್ನಿಸಲಿಲ್ಲವೇ ಎಂದರೆ, “ಬೇರೆ ಕೆಲ್ಸದಗೆ ನಂಗೆ ನಿದ್ರಿ ಬತ್ತ್,” ಎನ್ನುತ್ತಾರೆ.

ಶ್ರಾವ್ಯ ಬಂದದ್ದು 2008ರ ಜೂನ್‌ನಲ್ಲಿ. ಬೀಜಾಡಿಯ ಮೀನುಗಾರ ಕುಟುಂಬದ ಮಗು. ಅಮ್ಮ ಬಾಗಿ ಕೋಟೇಶ್ವರದಲ್ಲಿ ಮೀನು ಮಾರುತ್ತಾರೆ. ಚಂದ್ರ ಆಳಸಮುದ್ರದ ಬೋಟಿನಲ್ಲಿ ಹೋದರೆ ಎಂಟು ದಿನವೂ ಆಗಬಹುದು, ಹನ್ನೆರಡೂ ಆಗಬಹುದು. ಆಟಿಸಂ ಇರುವ ಶ್ರಾವ್ಯ ಮಾತಾಡುವುದು ಬಹಳ ಕಡಿಮೆ, ಆದರೆ ಕೇಳಿದ್ದನ್ನು ಅಕ್ಷರಶಃ ನಂಬುತ್ತಾಳೆ. ಇದ್ದಕ್ಕಿದ್ದಂತೆ ಎದ್ದು ಗೇಟಿಗೆ ಹೋಗಿ ನಿಂತುಬಿಡುವುದು ಅವಳ ಅಭ್ಯಾಸವಾಗಿತ್ತು. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಎರಡು ಗಂಟೆ. ಮನೆ ನೆನಪಾಗುತ್ತದೆ ಎಂದರು ಕೆಲವರು. ಬಸ್ಸು ನೋಡುವ ಆಸೆ ಎಂದರು ಕೆಲವರು. ಎರಡು ಸಲ ಅವಳು ಚಿಲಕ ತೆಗೆದು ಹೆದ್ದಾರಿಯ ಅಂಚಿಗೇ ಹೋದಳು. ಎರಡನೆಯ ಸಲ, ಕಳೆದ ಜನವರಿಯಲ್ಲಿ, ಮರಳಿನ ಲಾರಿಯೊಂದು ಬ್ರೇಕು ಹಾಕಿ ನಿಂತದ್ದು ಅವಳಿಂದ ನಾಲ್ಕು ಮಾರು ದೂರದಲ್ಲಿ. ಆ ದಿನ ಅವಳನ್ನು ಒಳಗೆ ತಂದ ಮೇಲೂ ಮೂರು ಗಂಟೆ ಐದು ನಿಮಿಷ ಗೇಟು ಬಿಡಲಿಲ್ಲ.

ಗೇಟಿಗೆ ಬೀಗ ಹಾಕಿದರು. ಅವಳು ಹಣೆಯನ್ನು ಬೀಗಕ್ಕೆ ಜಜ್ಜಿಕೊಂಡಳು, ಮೂರು ಹೊಲಿಗೆ ಬಿತ್ತು, ಬೀಗ ತೆಗೆಯಬೇಕಾಯಿತು. “ಬೀಗ ಹಾಕ್ದ್ ಕೂಡ್ಲೆ ರಸ್ತಿಗ್ ಹೋಪುದ್ ನಿಂತ್. ಕಾವುದ್ ನಿಲ್ಲಿಲ್ಲೆ,” ಎನ್ನುತ್ತಾರೆ ಪ್ರಭಾವತಿ. ಆಡಳಿತ ಸಮಿತಿ ಸಭೆ ಸೇರಿತು. ಇನ್ನೊಂದು ಸಲ ರಸ್ತೆಗೆ ಹೋದರೆ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನವಾಯಿತು. ಅಧ್ಯಕ್ಷ ಮಂಜಯ್ಯನವರು ಕಠಿಣ ಮನುಷ್ಯರಲ್ಲ. “ಟೀಚರೇ, ನಂಗೂ ಬೇಜಾರಿತ್ತ್. ಆರೆ ಲಾರಿಗೆ ಆಟಿಸಂ ಗೊತ್ತಾತಿಲ್ಲೆ,” ಎಂದರು.

ಉತ್ತರ ಸಿಕ್ಕಿದ್ದು ಫೆಬ್ರವರಿಯ ಒಂದು ಬುಧವಾರ. ಸೀತು “ಈಗ ಬತ್ತೆ” ಎಂದು ತೆಂಗಿನಕಾಯಿ ತರಲು ಅಂಗಡಿಗೆ ಹೋದರು. ಶ್ರಾವ್ಯ ಎದ್ದು ಗೇಟಿಗೆ ಹೋದಳು. ಹನ್ನೆರಡು ನಿಮಿಷಕ್ಕೆ ಸೀತು ಕಾಯಿ ಹಿಡಿದು ಒಳಗೆ ಕಾಲಿಟ್ಟದ್ದೇ, ಶ್ರಾವ್ಯ ತಿರುಗಿ ಬಂದು ತನ್ನ ಚಾಪೆಯ ಮೇಲೆ ಕುಳಿತಳು. ಪ್ರಭಾವತಿಯವರಿಗೆ ಕೈಯಲ್ಲಿದ್ದ ಸೀಮೆಸುಣ್ಣ ಇಡಲು ಮರೆಯಿತು.

ಮರುದಿನದಿಂದ ಅವರು ನೋಟುಪುಸ್ತಕದಲ್ಲಿ ಹೊಸ ಕಾಲಂ ಎಳೆದರು. ಯಾರು ಹೋದರು, ಏನು ಹೇಳಿ ಹೋದರು, ಶ್ರಾವ್ಯ ಎಷ್ಟು ಹೊತ್ತು ನಿಂತಳು. ಹತ್ತೊಂಬತ್ತು ದಿನಗಳಲ್ಲಿ ಇಪ್ಪತ್ತೇಳು ಜನ ಹೋದರು. ‘ಬತ್ತೆ’ ಎಂದವರು ಇಪ್ಪತ್ತೆರಡು. ಅವರಲ್ಲಿ ಇಪ್ಪತ್ತೊಂದು ಜನರಿಗಾಗಿ ಅವಳು ಗೇಟಿಗೆ ಹೋದಳು. ತಪ್ಪಿದ ಒಂದು ದಿನ ಅವಳಿಗೆ ಜ್ವರವಿತ್ತು. ಏನೂ ಹೇಳದೆ ಹೋದವರು ಐದು ಜನ. ಒಬ್ಬರಿಗಾಗಿಯೂ ಅವಳು ಏಳಲಿಲ್ಲ. ರಸ್ತೆಗೆ ಹೋದ ಎರಡೂ ದಿನಗಳನ್ನು ಹಿಂದಿನ ಪುಟಗಳಲ್ಲಿ ಹುಡುಕಿದರು. ಎರಡೂ ದಿನ ಚಂದ್ರ ಅವಳನ್ನು ಶಾಲೆಗೆ ಬಿಟ್ಟು, ‘ಬತ್ತೆ’ ಎಂದು ಗೇಟಿನೆದುರೇ ಮಲ್ಪೆ ಬಸ್ಸು ಹತ್ತಿದ್ದರು.

ಅದೇ ವಾರ ಶಾಲೆಗೆ ತಟ್ಟೆ ಲೋಟ ಕೊಟ್ಟ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು “ಬತ್ತೆ ಅಕಾ” ಎಂದು ಹೊರಟುಹೋದರು. ಶ್ರಾವ್ಯ ನಿಂತೇ ನಿಂತಳು. ಪ್ರಭಾವತಿ ಅವರಿಗೆ ಫೋನು ಮಾಡಿದರು: “ಸರ್, ನೀವ್ ಬತ್ತೆ ಅಂದೇಳಿ ಹೋಯ್ರಿ. ಒಂದ್ ಸಣ್ಣ್ ಹೆಣ್ಣ್ ಕಾಯ್ತಾ ಇತ್ತ್. ಒಂಚೂರ್ ಬಂದ್ ಹೋತ್ರ್ಯಾ?” ಅವರು ಸ್ಕೂಟರಿನಲ್ಲಿ ವಾಪಸು ಬಂದರು. ಶ್ರಾವ್ಯ ಅವರ ಮುಖ ನೋಡಿ ಒಳಗೆ ಹೋದಳು. ಈಗ ಅವರು ಪ್ರತಿ ತಿಂಗಳ ಮೊದಲ ಶನಿವಾರ ಹನ್ನೊಂದಕ್ಕೆ ಸರಿಯಾಗಿ ಬರುತ್ತಾರೆ. “ಒಂದ್ ಮಾತಿಗ್ ಸಿಕ್ಕಿ ಬಿದ್ದೆ ಮರಾಯ್ರೆ,” ಎನ್ನುತ್ತಾರಂತೆ.

ಕಾರಣ ತಿಳಿದ ಉತ್ಸಾಹದಲ್ಲಿ ಪ್ರಭಾವತಿ ಒಂದು ತಪ್ಪು ಮಾಡಿದರು. ಅದನ್ನು ಅವರೇ ಹೇಳುತ್ತಾರೆ. ಇನ್ನು ಮುಂದೆ ಯಾರೂ ‘ಬತ್ತೆ’ ಅನ್ನಬಾರದು, ‘ಹೋತೆ’, ಅಂದರೆ ಹೋಗುತ್ತೇನೆ ಎಂದೇ ಹೇಳಿ ಹೋಗಬೇಕು ಎಂದು ಪೋಷಕರ ಸಭೆಯಲ್ಲಿ ನಿಯಮ ಮಾಡಿದರು. ಚಂದ್ರನ ತಾಯಿ ಬೆಳ್ಳಿ ಎದ್ದು ನಿಂತರು.

“ಸತ್ತ್ ಮನಿಂದ ಏಳುವತ್ತಿಗೆ ಮಾತ್ರ ‘ಬತ್ತೆ’ ಅಂಬುಕಿಲ್ಲೆ. ನಿಮ್ಮ್ ಶಾಲಿ ಎಂತ ಸತ್ತ್ ಮನಿಯಾ? ಸಮುದ್ರಕ್ಕ್ ಹೋಪ ಗಂಡ್ಸಿನ್ ಬಾಯಂಗೆ ‘ಹೋತೆ’ ಅಂದ್ ಹೇಳ್ಸುಕೆ ನಿಮ್ಗೆ ನಾಲ್ಗಿ ಹ್ಯಾಂಗ್ ಬಂತ್?”

“ನಾನ್ ಪುಸ್ತಕದಗೆ ಕಾಲಂ ಎಳ್ದದ್ದೇ ಎಳ್ದದ್ದ್. ಆ ಮಾತ್ ಎಂತಕ್ ಹುಟ್ತ್ ಅಂದ್ ಆಲೋಚ್ನಿ ಮಾಡ್ಲಿಲ್ಲೆ,” ಎನ್ನುತ್ತಾರೆ ಪ್ರಭಾವತಿ. ನಿಯಮ ಒಂದು ದಿನವೂ ಬಾಳಲಿಲ್ಲ.

‘ಬತ್ತೆ’ಯನ್ನು ಬಿಡುವಂತಿಲ್ಲ ಎಂದಾದ ಮೇಲೆ, ಅದಕ್ಕೊಂದು ಗಂಟೆ ಕೊಡುವ ಯೋಚನೆ ಬಂತು. ಗೋಡೆ ಗಡಿಯಾರದ ಕೆಳಗೆ ರಟ್ಟಿನ ಗಡಿಯಾರವೊಂದನ್ನು ತೂಗುಹಾಕಿದರು. ಹೋಗುವವರು ತಾವು ಬರುವ ಗಂಟೆಗೆ ಅದರ ಮುಳ್ಳು ತಿರುಗಿಸಿ ಹೋಗಬೇಕು. ಎರಡೂ ಗಡಿಯಾರಗಳು ಒಂದೇ ಆದಾಗ ಮಾತ್ರ ಶ್ರಾವ್ಯ ಏಳುತ್ತಾಳೆ. ಅಷ್ಟರಲ್ಲಿ ಹೋದವರು ಗೇಟಿನಲ್ಲಿ ಇರಲೇಬೇಕು. “ನನ್ ಜನ್ಮದಗೆ ಇಷ್ಟ್ ಟೈಮಿಗ್ ಸರಿಯಾಯ್ ಬದ್ಕಿಲ್ಲೆ,” ಎಂದು ಸೀತು ಗೊಣಗುತ್ತಾರೆ. ಮತ್ತೆ ಬರದ ಅತಿಥಿಗಳು ‘ನಮಸ್ಕಾರ’ ಎಂದಷ್ಟೇ ಹೇಳುತ್ತಾರೆ. ಆಗಸ್ಟ್ ಹೊತ್ತಿಗೆ ಗೇಟಿನ ಕಾಯುವಿಕೆ ದಿನಕ್ಕೆ ಸರಾಸರಿ ಆರು ನಿಮಿಷಕ್ಕೆ ಇಳಿಯಿತು.

ಆದರೆ ಚಂದ್ರ ಯಾವ ಗಂಟೆಗೆ ಮುಳ್ಳು ತಿರುಗಿಸಬೇಕು? ಮೀನು, ಗಾಳಿ, ಎಂಜಿನ್, ಯಾವುದೂ ಗಡಿಯಾರ ನೋಡುವುದಿಲ್ಲ. ಲಾರಿಯ ಹೆದರಿಕೆಗೆ ಜನವರಿಯಿಂದಲೇ ಅವರು ಮಗಳು ಏಳುವ ಮೊದಲೇ ಸದ್ದಿಲ್ಲದೆ ಹೊರಡುತ್ತಿದ್ದರು. ಅವಳು ಎರಡು ದಿನ ಊಟ ಬಿಟ್ಟು, ಮನೆಯ ಎಲ್ಲ ಬಾಗಿಲುಗಳನ್ನೂ ತೆರೆದು ನೋಡುತ್ತಿದ್ದಳು. “ಕಳ್ಳರ್ ಕಣೆಗೆ ನನ್ ಮನಿಂದ ನಾನೇ ಹೋಪುದ್ ಸಾಕಾಯ್ತ್ ಟೀಚರೇ,” ಎಂದರು ಚಂದ್ರ.

ಅವರ ಫೋಟೋ ಒಂದನ್ನು ಗೋಡೆಗೆ ಹಾಕೋಣ, ಬಂದ ದಿನ ಅವರೇ ತೆಗೆಯಲಿ ಎಂದರು ಪ್ರಭಾವತಿ. ಬೆಳ್ಳಿ ಅದನ್ನೂ ಒಪ್ಪಲಿಲ್ಲ: “ಗೋಡಿ ಮೇಲೆ ಫೋಟೋ ಹಾಕೂದ್ ಯಾರ್ದ್? ನನ್ ಮಗ ಬದ್ಕಿದ್ದ!” ಆದರೆ ವಾರದ ಬಳಿಕ ಅವರೇ ಬಲೆಯನ್ನು ತೇಲಿಸುವ ಒಂದು ಬೆಂಡನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ಬಂದರು. “ಇದ್ ಹಾಕಿ. ಬೆಂಡ್ ಮುಳ್ಗುದಿಲ್ಲೆ. ಮತ್ತ್ ಅವ ಬರೀ ‘ಬತ್ತೆ’ ಅಂಬುದ್ ಬ್ಯಾಡ, ‘ಹೋಯ್ ಬತ್ತೆ’ ಅನ್ಲಿ. ಮೊದ್ಲ್ ಹೋಪುದ್, ಮತ್ತೆ ಬಪ್ಪುದ್. ಎರಡೂ ಇತ್ತಲೆ ಅದ್ರಗೆ?”

ಸೆಪ್ಟೆಂಬರಿನಿಂದ ಅಭ್ಯಾಸ ನಡೆದಿದೆ. ವ್ಯಾನು ಗ್ಯಾರೇಜಿಗೆ ಹೋದ ದಿನಗಳಲ್ಲಿ ರತ್ನಾಕರ ತಮ್ಮ ಟವೆಲನ್ನು ಗೋಡೆಯ ಮೊಳೆಗೆ ಹಾಕಿ, “ಹೋಯ್ ಬತ್ತೆ” ಎಂದು ಹೋಗುತ್ತಾರೆ. ಎಷ್ಟು ಹೊತ್ತಿಗೆ ಬಂದರೂ ತಾವೇ ತೆಗೆಯುತ್ತಾರೆ. ಟವೆಲು ಮೊಳೆಯ ಮೇಲಿರುವಷ್ಟು ಹೊತ್ತು ಶ್ರಾವ್ಯ ಒಳಗೇ ಇರಲು ಕಲಿತಿದ್ದಾಳೆ. ರತ್ನಾಕರ ಅಪ್ಪ ಅಲ್ಲ, ಅಷ್ಟೇ ವ್ಯತ್ಯಾಸ.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಚಂದ್ರ ಮಗಳ ಕೈ ಹಿಡಿದು ಬರುತ್ತಾರೆ. ಹಿಂದೆ ಬೆಳ್ಳಿ. ಗೇಟಿಗೆ ಬೀಗವಿಲ್ಲ, ಚಿಲಕ ಮಾತ್ರ. ರತ್ನಾಕರ ಗೇಟಿನ ಹೊರಗೆ ವ್ಯಾನಿನ ಚಕ್ರ ಒರೆಸುವ ನೆಪದಲ್ಲಿ ರಸ್ತೆಗೆ ಹೋಗುವ ದಾರಿಗೆ ಅಡ್ಡ ಕುಳಿತಿದ್ದಾರೆ. ಪ್ರಭಾವತಿ ಜಗಲಿಯಲ್ಲಿ ನಿಲ್ಲುತ್ತಾರೆ.

ಚಂದ್ರ ಬೆಂಡನ್ನು ಮೊಳೆಗೆ ಸಿಕ್ಕಿಸುತ್ತಾರೆ. ಶ್ರಾವ್ಯಳ ಎದುರು ಕುಕ್ಕರಗಾಲಲ್ಲಿ ಕುಳಿತು, “ಹೋಯ್…” ಎಂದು ಕೈಯನ್ನು ದೂರ ಒಯ್ಯುತ್ತಾರೆ, “…ಬತ್ತೆ” ಎಂದು ತನ್ನ ಎದೆಗೆ ತರುತ್ತಾರೆ.

“ಬಂದ್ ಕೂಡ್ಲೆ ಸೀದಾ ಇಲ್ಲಿಗೇ ಬರ್ಕ್,” ಎಂದು ಪ್ರಭಾವತಿ ನೆನಪಿಸುತ್ತಾರೆ. “ಬೆಂಡ್ ತೆಗೂಕೆ ನೀವೇ ಆಯ್ಕ್.”

“ಮೀನಿನ್ ವಾಸ್ನಿ ಹೊತ್ಕಂಡ್ ಶಾಲಿಗ್ ಬತ್ಯಾ?” ಎನ್ನುತ್ತಾರೆ ಬೆಳ್ಳಿ. “ಬಾ. ಟೀಚರಿಗೂ ವಾಸ್ನಿ ಅಭ್ಯಾಸ ಆಯ್ಲಿ.”

ಬಸ್ಸು ಬರುತ್ತದೆ. ಚಂದ್ರ ಹತ್ತುತ್ತಾರೆ. ಶ್ರಾವ್ಯ ಓಡುವುದಿಲ್ಲ, ನಡೆದೇ ಗೇಟಿಗೆ ಹೋಗುತ್ತಾಳೆ. ಬಸ್ಸು ಉಡುಪಿಯ ದಿಕ್ಕಿಗೆ ಹೋಗಿ ಕಾಣದಾಗುತ್ತದೆ. ಅವಳ ಕೈ ಚಿಲಕವನ್ನು ಎತ್ತುತ್ತದೆ. ರತ್ನಾಕರ ಒರೆಸುವುದನ್ನು ನಿಲ್ಲಿಸುತ್ತಾರೆ. ಬೆಳ್ಳಿ ಗೇಟಿನತ್ತ ಹೊರಟಾಗ ಪ್ರಭಾವತಿ ಅವರ ತೋಳು ಹಿಡಿಯುತ್ತಾರೆ. “ತಡೀನಿ ಅಮ್ಮಾ. ಈಗಳಿಕೆ ಹೋರೆ ಅದ್ ನಮ್ಮ್ ಕೆಲ್ಸ ಆತ್ತ್, ಹೆಣ್ಣಿಂದಲ್ಲ.” ಎರಡು ಲಾರಿ, ಒಂದು ರಿಕ್ಷಾ ಹೋಗುತ್ತವೆ. ಎತ್ತಿದ ಚಿಲಕ ಹಾಗೇ ಇದೆ. ಆಮೇಲೆ ಶ್ರಾವ್ಯ ಅದನ್ನು ಕೆಳಗೆ ಬಿಡುತ್ತಾಳೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ತಿರುಗುತ್ತಾಳೆ. ಜಗಲಿಯಲ್ಲಿರುವ ಯಾರನ್ನೂ ನೋಡದೆ ಒಳಗೆ ಹೋಗಿ, ತನ್ನ ಚಾಪೆಯ ಮೇಲೆ ಕುಳಿತು, ಮಣಿಗಳ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ.

ಬೆಳ್ಳಿ ಜಗಲಿಯ ಮೆಟ್ಟಿಲಿನ ಮೇಲೆ ಕೂರುತ್ತಾರೆ. “ನನ್ ಹೆಣ್ಣ್,” ಎನ್ನುತ್ತಾರೆ.

“ನಂಗೆ ದೊಡ್ಡ್ ಆಸೆ ಎಂತದೂ ಇಲ್ಲೆ,” ಎಂದು ಪ್ರಭಾವತಿ ಕನ್ನಡಕ ಒರೆಸಿಕೊಳ್ಳುತ್ತಾರೆ. “ಅಪ್ಪಯ್ಯನ್ನ ಬಸ್ ಹತ್ಸಿ, ಟಾಟಾ ಮಾಡಿ, ಮನಿಗ್ ಬಂದ್ ಗಂಜಿ ಉಂಡ್ರೆ ಸಾಕ್. ಉಳ್ದ್ ಮಕ್ಳೆಲ್ಲ ಮಾಡೂದ್ ಅದೇ ಅಲ್ದಾ?” ಒಳಗಿನಿಂದ ದಿವ್ಯಾಳ ಬೈಗುಳ ಕೇಳುತ್ತದೆ. ಅವಳ ಟವೆಲನ್ನು ಯಾರೋ ಮುಟ್ಟಿದ್ದಾರೆ. ಪ್ರಭಾವತಿ ಕೈಗಡಿಯಾರ ನೋಡಿ, ನಿಂತಲ್ಲೇ ನೋಟುಪುಸ್ತಕ ತೆರೆದು, ಇವತ್ತಿನ ಸಾಲನ್ನು ತುಂಬುತ್ತಾರೆ. ಹೋದವರು: ಅಪ್ಪ. ಹೇಳಿದ್ದು: ಹೋಯ್ ಬತ್ತೆ. ಗೇಟಿನಲ್ಲಿ ನಿಂತದ್ದು: 14 ನಿಮಿಷ.