ತೂಗಾಡುವವನನ್ನು ಇಳಿಸುವ ಪಾಠ

ಕಟ್ಟಡಗಳಿಗೆ ಕಂಬ-ಹಲಗೆಗಳ ಸಾರುವೆ ಕಟ್ಟುವುದರಲ್ಲಿ ಮೇಸ್ತ್ರಿಯದು ಪಳಗಿದ ಕೈ. ಹೆಂಡತಿಯ ತಮ್ಮನನ್ನೂ ಅವನೇ ಈ ಕೆಲಸಕ್ಕೆ ಹಚ್ಚಿದ್ದ. ಬಾಮೈದ ಬಾಯಿಬಡುಕ, ಆದರೆ ಬೆಲ್ಟಿನ ವಿಷಯದಲ್ಲಿ ಮಾತ್ರ ಚಾಚೂ ತಪ್ಪುತ್ತಿರಲಿಲ್ಲ. ತರಬೇತಿಯಲ್ಲಿ ಕಲಿಸಿದಂತೆ ಭುಜಕ್ಕೂ ತೊಡೆಗೂ ಪಟ್ಟಿ ಬಿಗಿದು, ಹಗ್ಗದ ಕೊಕ್ಕೆಯನ್ನು ತಲೆಗಿಂತ ಮೇಲೆ ಸಿಕ್ಕಿಸಿಯೇ ಹೆಜ್ಜೆ ಇಡುವವನು.

ಒಂದು ಮಧ್ಯಾಹ್ನ ಮೇಲಿನ ಅಂತಸ್ತಿನಲ್ಲಿ ಅವನ ಕಾಲಡಿಯ ಹಲಗೆ ಜಾರಿತು. ಹಗ್ಗ ಹಿಡಿದುಕೊಂಡಿತು. ಗೋಡೆಯಿಂದ ಕೈಗೆಟುಕದಷ್ಟು ದೂರದಲ್ಲಿ ಅವನು ತೂಗಾಡತೊಡಗಿದ. ಕೆಳಗಿದ್ದವರಿಗೆ ಹೋದ ಜೀವ ಬಂದಂತಾಯಿತು. ಮೇಸ್ತ್ರಿ ಹತ್ತಿರದ ಕಿಟಕಿಗೆ ಓಡಿಬಂದ.

“ಭಾವ, ಅಕ್ಕನಿಗೆ ಹೇಳ್ಬೇಡಿ. ನಾಳೆಯಿಂದ ಹೊಸ್ತಿಲು ದಾಟೋಕೆ ಬಿಡಲ್ಲ ಅವಳು.”

“ಬಾಯಿ ಮುಚ್ಕೊಂಡು ಅಲುಗಾಡದೆ ಇರು. ಇಳಿಸ್ತೀವಿ.”

ಆದರೆ ಇಳಿಸುವುದು ಹೇಗೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮೇಸ್ತ್ರಿಗೂ. ಬೀಳದ ಹಾಗೆ ನೋಡಿಕೊಳ್ಳುವುದನ್ನು ಕಲಿಸಿದ್ದರು. ಬಿದ್ದು ನೇತಾಡುವವನನ್ನು ಎಳೆದುಕೊಳ್ಳುವುದನ್ನು ಕಲಿಸಿರಲಿಲ್ಲ. ಏಣಿ ಅಷ್ಟೆತ್ತರ ಮುಟ್ಟಲಿಲ್ಲ. ಉದ್ದದ ಹಗ್ಗವಿದ್ದ ಕೋಣೆಗೆ ಬೀಗ ಬಿದ್ದಿತ್ತು, ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ.

“ಭಾವ, ಕಾಲು ಜೋಮು ಹಿಡಿದಿದೆ,” ಎಂದ ಬಾಮೈದ. ಬಿಗಿದ ಪಟ್ಟಿ ರಕ್ತವನ್ನು ಕಾಲಿನಲ್ಲೇ ತಡೆದಿತ್ತು, ತಲೆಗೆ ಏರಲು ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ, “ಕಣ್ಣು ಮಂಜಾಗ್ತಿದೆ,” ಎಂದ. ಆಮೇಲೆ ಮೇಸ್ತ್ರಿ ಗಂಟಲು ಹರಿಯುವಂತೆ ಕೂಗಿದರೂ ಓಗೊಡಲಿಲ್ಲ. ಅಗ್ನಿಶಾಮಕದವರು ಬಂದು ಇಳಿಸಿದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಜೀವವೂ ಇರಲಿಲ್ಲ.

“ಬೆಲ್ಟ್ ಹಾಕಿದ್ನಲ್ಲ?” ಎಂದು ಕೇಳಿದಳು ಹೆಂಡತಿ.

“ಹಾಕಿದ್ದ.”

“ಮತ್ತೆ?”



ರಜೆ ಸಿಕ್ಕಾಗಲೆಲ್ಲ ಮೇಸ್ತ್ರಿ ಅಗ್ನಿಶಾಮಕ ಠಾಣೆಗೆ ಹೋಗಿ, ಅಲ್ಲಿಯವರನ್ನು ಗೋಗರೆದು, ತೂಗಾಡುವವರನ್ನು ಇಳಿಸುವ ಕೆಲಸ ಕಲಿತ. ಈಗ ಎತ್ತರದಲ್ಲಿ ದುಡಿಯುವವರಿಗೆ ತಾನೇ ತರಬೇತಿ ಕೊಡುತ್ತಾನೆ. ಒಬ್ಬೊಬ್ಬನನ್ನೂ ನೆಲದಿಂದ ತುಸು ಮೇಲೆ ಬೆಲ್ಟಿನಲ್ಲಿ ತೂಗುಹಾಕುತ್ತಾನೆ. ಜೊತೆಗಾರರೇ ಅವನನ್ನು ಇಳಿಸಿಕೊಳ್ಳಬೇಕು. ಮೊದಲು ಎಲ್ಲರೂ ಹಲ್ಲು ಕಿರಿಯುತ್ತಾರೆ. ತೊಡೆ ನೋಯತೊಡಗಿದಾಗ ನಗು ಅಡಗುತ್ತದೆ.

“ಬೆಲ್ಟ್ ಹಾಕೋದು ಹೇಳ್ಕೊಟ್ರೆ ಸಾಕು. ಇದರಿಂದ ಅರ್ಧ ದಿನ ಹಾಳು,” ಎಂದ ಒಬ್ಬ ಗುತ್ತಿಗೆದಾರ.

“ಹಾಗಾದ್ರೆ ಬೇರೆಯವರನ್ನ ನೋಡ್ಕೊಳ್ಳಿ,” ಎಂದು ಮೇಸ್ತ್ರಿ ಹಗ್ಗ ಸುತ್ತಿಕೊಂಡು ಹೊರಟ. ಆತ ಬೇರೆಯವರನ್ನು ನೋಡಿಕೊಂಡ ಕೂಡ.

ಆ ಗುತ್ತಿಗೆದಾರನ ಕಟ್ಟಡ ಮೇಸ್ತ್ರಿಯ ಮನೆಯ ದಾರಿಯಲ್ಲೇ ಏಳುತ್ತಿದೆ. ಅಲ್ಲಿ ಬೆಲ್ಟ್ ತೊಟ್ಟು ಮೇಲೆ ದುಡಿಯುವವರನ್ನು ಕತ್ತೆತ್ತಿ ನೋಡಲು ಅವನಿಗೆ ಧೈರ್ಯವಾಗುವುದಿಲ್ಲ.