ರೇಣುಕಯ್ಯನವರ ಹತ್ತಕ್ಕೊಂದು

ಪಶು ಆಸ್ಪತ್ರೆಯ ಕಾಂಪೌಂಡರ್ ರೇಣುಕಯ್ಯನವರು ೧೯೭೮ರಲ್ಲಿ ನಿವೃತ್ತರಾದರು. ಅಂದಿನಿಂದ ಬುಕ್ಕಾಪಟ್ಟಣದ ನೆಮ್ಮದಿ ಹೋಯಿತು. ಕೆಲಸ ಕಾಯಂ ಆದದ್ದು ತಡವಾಗಿದ್ದರಿಂದ ಅವರಿಗೆ ಪಿಂಚಣಿ ಇರಲಿಲ್ಲ. ಒಟ್ಟಿಗೆ ಕೈಗೆ ಬಂದ ದುಡ್ಡಿಗೆ ನಲವತ್ತು ಹೆಣ್ಣುಕುರಿ ಕೊಂಡು, ಮರಿಗಳಲ್ಲಿ ಪಾಲು ಕೊಡುವ ಮಾತಿನ ಮೇಲೆ ಕುರಿ ಕಾಯುವ ಜುಂಜಪ್ಪನ ವಶಕ್ಕೆ ಮೇಯಲು ಬಿಟ್ಟರು. ಗಂಡ ಹೆಂಡತಿಯ ಮುಪ್ಪಿನ ಅನ್ನ ಅಷ್ಟೇ.

ಆಮೇಲೆ ಅವರು ಸೂತ್ರವೊಂದನ್ನು ಕಂಡುಹಿಡಿದರು. ವರ್ಷಕ್ಕೆ ಹತ್ತು ಕುರಿಗೆ ಒಂದು ಮಾತ್ರ ಮಾರಬೇಕು. ರೋಗ, ತೋಳ ಎಲ್ಲ ಕಳೆದರೂ ಮರಿಗಳು ಆ ಜಾಗ ತುಂಬುತ್ತವೆ, ಮಂದೆ ಎಂದೂ ಕರಗುವುದಿಲ್ಲ. ಸೂತ್ರ ಸರಿಯಾಗಿಯೇ ಇತ್ತು. ಅದನ್ನು ಅವರು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕ್ಷೌರಕ್ಕೆ ಕೂತಾಗ, ಒಂದು ಸಲ ಹೆಣದ ಮುಂದೆಯೂ ವಿವರಿಸಿದ್ದು ಮಾತ್ರ ಸರಿಯಾಗಿರಲಿಲ್ಲ.

ಹೆಂಡತಿ ಗೌರಕ್ಕ ಒಂದು ಕಂಬಳಿ ಕೇಳಿದರೆ, "ಈ ವರ್ಷದ ನಾಲ್ಕೂ ಮಾರಿ ಆಗೈತೆ. ಮುಂದಿನ ವರ್ಷ ನೋಡಾನ" ಎನ್ನುತ್ತಿದ್ದರು. ಯುಗಾದಿಯ ಮರುದಿನ ಊರೆಲ್ಲ ಮಾಂಸದಡುಗೆ ಮಾಡುವ ವರ್ಷತೊಡಕಿಗೂ ಆ ಮನೆಯಲ್ಲಿ ಹುರುಳಿಸಾರೇ.

ಆದರೆ ಊರೊಳಗೆ ಜೀಪಿನ ಸದ್ದಾದರೆ ಮುಗಿಯಿತು. "ಸಾಹೇಬ್ರು ಬಂದವ್ರೆ, ಜುಂಜಪ್ಪಾ, ಒಂದು ಹಿಡ್ಕಂಬಾರ್ಲಾ!" ಪಶು ಇಲಾಖೆಯ ಹಳೆಯ ಸಾಹೇಬರ ಊಟಕ್ಕೆ ಒಂದು ಕುರಿ, ಹೊಸ ಸಾಹೇಬರಿಗೆ ಒಂದು. ಆಮೇಲೆ ಡ್ರೈವರಿಗೆ, ಡ್ರೈವರಿನ ಭಾವಮೈದುನನಿಗೆ. ತಾವರೆಕೆರೆಗೆ ದಾರಿ ಕೇಳಲು ಜೀಪು ನಿಲ್ಲಿಸಿದ ಯಾರೋ ಒಬ್ಬರಿಗೂ ಊಟ ಬಡಿಸಿ ಕಳಿಸಿದರು.

"ಇದು ಸೂತ್ರಕ್ಕೆ ಬರಲ್ವಾ?" ಎಂದು ಗೌರಕ್ಕ ಕೇಳಿದರು.

"ಮಾರಿದ್ರೆ ತಾನೇ ಬರೋದು? ಇದು ಮರ್ಯಾದೆ ಕಣೇ."

ಮೂರು ವರ್ಷಕ್ಕೆ ಮಂದೆಯಲ್ಲಿ ಹದಿನೆಂಟು ಉಳಿದವು. ಸೂತ್ರದ ಪ್ರಕಾರ ಇನ್ನು ವರ್ಷಕ್ಕೆ ಎರಡು ಕುರಿಯೂ ಇಲ್ಲ. ಒಂದನ್ನು ಮಾರಬಹುದು, ಮಿಕ್ಕ ಮುಕ್ಕಾಲು ಚಿಲ್ಲರೆಯನ್ನು ಯಾವ ಸಂತೆಗೆ ಹೊಡೆದುಕೊಂಡು ಹೋಗುವುದು? ರೇಣುಕಯ್ಯನವರು ತೋಳವನ್ನು ಬೈದರು, ಜುಂಜಪ್ಪನನ್ನು ಬೈದರು.

"ತೋಳ ಜೀಪಲ್ಲಿ ಬರಲ್ಲ" ಎಂದರು ಗೌರಕ್ಕ. "ನಿಮಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕೋಳು ನಾನು. ನಿಮ್ಮ ಕಾಲಕ್ಕೆ ಈ ಕುರಿ ಆಯ್ತವೆ. ಆಮ್ಯಾಕೆ ನಾನೇನು ನಿಮ್ಮ ಮರ್ಯಾದೆ ಬೇಯಿಸ್ಕಂಡು ತಿನ್ಲಾ?"

ರೇಣುಕಯ್ಯನವರಿಗೆ ಕೇಳಿಸಲಿಲ್ಲ. ತುಮಕೂರಿನಿಂದ ದೊಡ್ಡ ಸಾಹೇಬರು ಬರುವ ಸುದ್ದಿ ಅಂದೇ ಬಂದಿತ್ತು. "ಈ ಸಲ ಎರಡು" ಎಂದು ಹೇಳಿ, ಶರಟಿಗೆ ಇಸ್ತ್ರಿ ಹಾಕಿಸಲು ಸಿರಾಕ್ಕೆ ಹೋದರು.

ಬಸ್ಸು ಮರೆಯಾದದ್ದೇ ತಡ, ಗೌರಕ್ಕ ಅರಿಸಿನದ ಬಟ್ಟಲು, ಕತ್ತರಿ ಹಿಡಿದು ಕುರಿಹಟ್ಟಿಗೆ ನಡೆದರು. ಜುಂಜಪ್ಪ ಹಿಡಿದುಕೊಂಡ, ಇವರು ಒಂದೊಂದು ಹೆಣ್ಣುಕುರಿಯ ಕಿವಿಯ ತುದಿ ಕತ್ತರಿಸಿ, ಹಣೆಗೆ ಅರಿಸಿನ ಬಳಿದು, ಮನೆದೇವರಿಗೆ ಮೀಸಲು ಎಂದು ಕೈಮುಗಿದರು. ಕಿವಿ ಕತ್ತರಿಸಿದ ಕುರಿಯನ್ನು ಹರಕೆ ತೀರುವ ತನಕ ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಅದರ ಮರಿ ಮಾತ್ರ ಮನೆಯವರದು.

ಸಂಜೆ ರೇಣುಕಯ್ಯನವರು ಮಂದೆ ನೋಡಿ ಕಂಗಾಲಾದರು. "ಯಾರನ್ನ ಕೇಳಿ ಇಂಗೆ ಮಾಡ್ದೆ?"

"ದೇವರನ್ನ. ಬೇಕಾದ್ರೆ ಹೋಗಿ ಜಗಳ ಆಡ್ಕಳಿ."

ಕೊಯ್ಯುವಷ್ಟು ಬಲಿತ ಮರಿಯೂ ಇಲ್ಲದೆ ಮರುದಿನ ದೊಡ್ಡ ಸಾಹೇಬರಿಗೆ ಮುದ್ದೆ, ಹುರುಳಿಸಾರು ಬಡಿಸಬೇಕಾಯಿತು. ರೇಣುಕಯ್ಯನವರು ತಲೆ ಎತ್ತಲಿಲ್ಲ. ಸಾಹೇಬರು ಮಾತ್ರ ಸಾರು ಎರಡು ಸಲ ಹಾಕಿಸಿಕೊಂಡು, "ಟೂರ್ ಹೋದಲ್ಲೆಲ್ಲ ಬಾಡು ತಿಂದು ಹೊಟ್ಟೆ ಕೆಟ್ಟಿತ್ತು ಕಣ್ರೀ, ಬದುಕಿದೆ" ಎಂದರು.

ಅಲ್ಲಿಂದ ಮರಿಗಳಷ್ಟೇ ಮಾರಾಟವಾದವು. ಚೆಂದದ ಹೆಣ್ಣುಮರಿ ಕಣ್ಣಿಗೆ ಬಿದ್ದರೆ ಗೌರಕ್ಕನ ಕತ್ತರಿ ಅದರ ಕಿವಿಗೂ ಬೀಳುತ್ತಿತ್ತು. ಕೆಲವು ವರ್ಷಗಳಲ್ಲಿ ಮಂದೆ ತುಂಬಿತು, ಕಂಬಳಿಯೂ ಬಂತು. "ನೋಡಿದ್ರಾ ನನ್ನ ಹತ್ತಕ್ಕೊಂದು ಸೂತ್ರ!" ಎಂದು ರೇಣುಕಯ್ಯನವರು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದರು.

ಒಂದು ದಿನ ಮಾತ್ರ ಮೆಲ್ಲಗೆ ಕೇಳಿದರು: "ಆ ಹರಕೆ ತೀರೋದು ಯಾವಾಗ್ಲೇ?"

"ನಿಮ್ಮ ಜಂಭ ಇಳಿದ ದಿನ ಅಂತ ಕಟ್ಕಂಡಿವ್ನಿ."

ಬಾಗಿಲಲ್ಲಿ ಕೂತಿದ್ದ ಜುಂಜಪ್ಪ ಬೀಡಿ ಆರಿಸಿದ. "ಅಂಗಾರೆ ಬುಡಕ್ಕ, ಕುರಿಗಳು ಮುಪ್ಪಾಗೇ ಸಾಯ್ತವೆ."