ಜೈನುದ್ದೀನ ಕಾಕಾನ ಬರ್ಫ

ಇಂಡಿ ಊರಿನ ಬಸ್ ನಿಲ್ದಾಣದ ಎದುರು ಜೈನುದ್ದೀನ ಕಾಕಾ ಲಿಂಬೆ ಶರಬತ್ತು ಮಾರಲು ತೊಡಗಿ ಮೂವತ್ತು ಬೇಸಿಗೆಗಳಾದವು. ಗಾಡಿಯ ಮೇಲಿನ ಓರೆ ಹಲಗೆಯಲ್ಲಿ ಬರ್ಫದ ಗಡ್ಡೆ, ಕರಗಿದ ನೀರು ಇಳಿಯಲು ತುದಿಯಲ್ಲೊಂದು ಟಬ್ಬು. ಗಡ್ಡೆ ಜಾರದಿರಲೆಂದು ಅದರಡಿ ಒಣ ಗೋಣಿಚೀಲ ತುರುಕಿ, ಒದ್ದೆಯಾದಾಗಲೆಲ್ಲ ಬದಲಿಸುತ್ತಾರೆ.

ಮಗಳು ನಿಷತಳನ್ನು ಹೊನ್ನಾವರದ ಕಡೆ ಕಡಲ ದಂಡೆಯ ಊರೊಂದಕ್ಕೆ ಕೊಟ್ಟಿದ್ದಾರೆ. ಮದುವೆಯಾದ ಹೊಸದರಲ್ಲಿ ಅಲೆಗಳ ಸಪ್ಪಳಕ್ಕೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಅದಿಲ್ಲದೆ ಬರುವುದಿಲ್ಲ. ಹಳೆಯ ಮನೆಯ ಹಿತ್ತಲಿನವರೆಗೂ ನೀರು ಬಂದಿದೆ. ಹೊಸ ಮನೆಯನ್ನು ಅಲ್ಲೇ ಕಟ್ಟುವುದೋ, ಗುಡ್ಡದ ಮೇಲಿನ ಕಲ್ಲು ಜಾಗದಲ್ಲೋ ಎಂದು ಕೇಳಿದ್ದಳು. ಧ್ರುವದ ಬರ್ಫ ಕರಗಿ ಕಡಲು ಏರುತ್ತದೆಂದು ಜನ ಹೇಳುವುದನ್ನು ಕಾಕಾ ನಂಬಿರಲಿಲ್ಲ. ತುಂಬಿದ ಗ್ಲಾಸಿನಲ್ಲಿ ತೇಲುವ ಬರ್ಫ ಕರಗಿದರೂ ಒಂದು ಹನಿ ಚೆಲ್ಲಿದ್ದನ್ನು ತಾವು ಕಂಡಿಲ್ಲ, ಹೆದರದೆ ಅಲ್ಲೇ ಕಟ್ಟು ಎಂದಿದ್ದರು. ದೋಣಿಗೆ ಹತ್ತಿರವಾಯಿತೆಂದು ಅಳಿಯ ಫಿರೋಜನಿಗೂ ಖುಷಿ. ಶುಕ್ರವಾರ ಬುನಾದಿ.

ಬುಧವಾರ ಊರಿನ ಕಾಲೇಜಿನ ಭೂಗೋಳದ ಯಶೋಧಾ ಮೇಡಂ ಶರಬತ್ತಿಗೆ ಬಂದರು. ಕಾಕಾ ಅವರೆದುರೂ ಗ್ಲಾಸಿನ ವಾದ ಹೂಡಿದರು.

"ತೇಲೂದು ಖರೇ ಚೆಲ್ಲೂದಿಲ್ರಿ ಕಾಕಾ," ಎಂದರು ಮೇಡಂ. "ನೆಲದ ಮ್ಯಾಲ ಗುಡ್ಡದಷ್ಟು ಬರ್ಫ ಕುಂತೈತಲ್ಲ, ಅದರ ಮಾತು ಬ್ಯಾರೆ. ಬುಡಕ ನೀರು ಹೊಕ್ಕರ ಲಗೂನ ಜಾರಿ ಸಮುದ್ರಕ್ಕ ಬೀಳತೈತಿ."

ಕಾಕಾ ಒಪ್ಪಲಿಲ್ಲ. ವಾದದ ಭರದಲ್ಲಿ ಗೋಣಿಚೀಲ ಬದಲಿಸುವುದು ಮರೆಯಿತು. ಗಡ್ಡೆ ಮೆಲ್ಲಗೆ ಅಲುಗಿತು, ಆಮೇಲೆ ಸರ್ರನೆ ಜಾರಿ ಟಬ್ಬಿಗೆ ಬಿತ್ತು. ನೀರು ಉಕ್ಕಿ ಇಬ್ಬರ ಕಾಲೂ ತೊಯ್ದವು.

"ಈ ಪಾಠ ನಾ ಮಾಡಿದ್ದಲ್ರಿ ಮತ್ತ," ಎಂದು ಮೇಡಂ ನಕ್ಕರು.

ಕಾಕಾ ನಗಲಿಲ್ಲ. ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದರು.

"ನಿಷತ, ನಾ ಗ್ಲಾಸಿನ್ಯಾಗಿನ ಬರ್ಫ ಅಷ್ಟ ನೋಡಿದ್ನೆವಾ. ಹಲಗಿ ಮ್ಯಾಲಿಂದು ನೆನಪಾಗಲಿಲ್ಲ. ತಪ್ಪು ಹೇಳೇನಿ. ಗುಡ್ಡದ ಮ್ಯಾಲ ಕಟ್ರಿ."

ಆ ಕಡೆಯಿಂದ ಅಲೆಗಳ ಸಪ್ಪಳ ಕೇಳಿಸುತ್ತಿತ್ತು.

"ಅಲ್ಲಿ ಇದು ಕೇಳೂದಿಲ್ಲ ಅಬ್ಬಾ. ನನಗ ನಿದ್ದಿ ಬರೂದಿಲ್ಲ."

"ನನಗ ಬರತೈತಿ," ಎಂದರು ಕಾಕಾ.

ಶುಕ್ರವಾರ ಅವಳೇ ಫೋನ್ ಮಾಡಿದಳು. ಫೋನನ್ನು ಬುನಾದಿ ಅಗೆಯುವತ್ತ ಹಿಡಿದಳು. ಕಲ್ಲಿಗೆ ಹಾರೆ ತಾಗುವ ಸಪ್ಪಳ ಕೇಳಿಸಿತು. ಗಿರಾಕಿಗಳು ಕಾಯುತ್ತಿದ್ದರೂ ಕಾಕಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.